ಹಳೇ ಬಾವಿಯ ಬಾಮ್

ಹೊಸ ಊರು, ಮನೂರ್ ಮಂಡಲ
೧೮ ಫೆಬ್ರವರಿ ೨೦೨೪

ಚಿ. ಸೌ. ಮಾಯಾಗೆ ಅಣ್ಣ ಕಾಶಿರಾಮನ ಆಶೀರ್ವಾದ.

ಕಾಗದ ಬಿಚ್ಚಿದ ಕೂಡಲೇ ಹರಿದು ಹಾಕಬೇಡ ಮಾರಾಯ್ತಿ. ಅವ್ವನ ಜೊತೆ ನಿನ್ನನ್ನು ರಾಜಿ ಮಾಡಿಸಲು ಬರೆಯುತ್ತಿಲ್ಲ. ನೀನು ಫೋನ್ ನಂಬರು ಬದಲಿಸಿ ಆರು ವರ್ಷವಾಯಿತು. ತಾಂಡೂರಿನಿಂದ ಕಲ್ಲು ತರುವ ಲಾರಿಯವನೊಬ್ಬ ನಿನ್ನ ಕಾಲೇಜಿನ ವಿಳಾಸ ಕೊಟ್ಟ. ಜೀವಶಾಸ್ತ್ರದ ಮೇಡಂಗೆ ಜೀವಶಾಸ್ತ್ರದ್ದೇ ಒಂದು ಪ್ರಶ್ನೆ ಇದೆ, ಅಷ್ಟೇ.

ಜೋಳದ ಕೆಲಸ ಮುಗಿದರೆ ನಾನು ಸಿಂಗೂರು ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುವವನು ಎಂದು ನಿನಗೆ ಗೊತ್ತು. ನಿನ್ನ ಅತ್ತಿಗೆ ಮೀನಾ ಅಂತೂ, 'ಹಾಸಿಗೀನೂ ಅಲ್ಲೇ ಕಳಸ್ತೀನಿ ತಗೋರಿ' ಎನ್ನುತ್ತಾಳೆ. ಈ ಸಲ ನೀರು ಬೇಗ ಹಿಂದೆ ಸರಿದಿದೆ. ಮುಳುಗಿದ ನಮ್ಮ ಹಳೇ ಊರಿನ ಹನುಮಂತ ದೇವರ ಗುಡಿಯ ಕಂಬ ಹೊರಗೆ ಬಂದಿದೆ. ನಮ್ಮ ಮನೆಯ ಜಾಗ ಈಗ ನೀರಿನ ಅಂಚಿನಲ್ಲೇ ಇದೆ. ಅಲ್ಲಿ ನಾನೂ ಗೆಳೆಯ ಪಾಂಡಪ್ಪನೂ ಎರೆಹುಳ ಚುಚ್ಚಿ ಕೂತಿದ್ದೆವು, ಕೊರಮೀನು ಸಿಕ್ಕೀತೆಂಬ ಆಸೆಯಿಂದ.

ದಾರ ಯಾವುದೋ ಕಲ್ಲಿಗೆ ಸಿಕ್ಕಂತಾಯಿತು. ಎಳೆದೆ, ಕಲ್ಲು ನಡೆಯತೊಡಗಿತು! ಇಬ್ಬರೂ ಸೇರಿ ದಂಡೆಗೆ ತಂದದ್ದು ನನ್ನ ಎದೆಮಟ್ಟದಷ್ಟು ಉದ್ದ, ತೋಳಿನಷ್ಟು ದಪ್ಪ. ನಾವು ತಿನ್ನುವ ಬಾಮ್ ಮೀನು ಉದ್ದಗಿದ್ದರೂ ಸಣ್ಣದು, ಬೆನ್ನಿಗೆ ಮುಳ್ಳಿರುತ್ತದೆ. ಇದು ಅದಲ್ಲ. ಒದ್ದಾಡಲಿಲ್ಲ, ಹೊರಳಾಡಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿತು, ಪಾಂಡಪ್ಪನನ್ನು ನೋಡಿತು, ಆಮೇಲೆ ಕಟ್ಟೆಯ ಗೇಟುಗಳಿರುವ ದಿಕ್ಕಿಗೆ ಮುಖ ಮಾಡಿ ಸುಮ್ಮನಾಯಿತು.

ಪಾಂಡಪ್ಪ, 'ಕಾಶ್ಯಾ, ದಾರ ಕೊಯ್ದು ಬಿಡಪಾ. ಇದು ಮೀನಲ್ಲ' ಎಂದ. ನಾನು ಬಿಡುವವನೇ? ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ ಹಾಕಿದ್ದೇನೆ. ಅಂದಿನಿಂದ ಎಮ್ಮೆಗಳು ಆ ತೊಟ್ಟಿಯ ಹತ್ತಿರ ಸುಳಿಯುತ್ತಿಲ್ಲ.

ನಾರಾಯಣಖೇಡದಲ್ಲಿ ಫೋಟೋ ತೊಳೆಸಿ ಇದರೊಳಗೆ ಇಟ್ಟಿದ್ದೇನೆ. ಸ್ಟುಡಿಯೋದವನು 'ಪೈಪಿನ ಫೋಟೋ ಯಾಕ್ರಿ?' ಎಂದು ಕೇಳಿದ. ಇದು ಹಾವೋ ಮೀನೋ, ತಿನ್ನಬಹುದೋ ಬಾರದೋ ಬರೆದು ತಿಳಿಸು. ಅವ್ವ ಝರಾಸಂಗಂಗೆ ಚಿಕ್ಕವ್ವನ ಮನೆಗೆ ಹೋಗಿದ್ದಾಳೆ, ಇನ್ನೂ ನೋಡಿಲ್ಲ.

ನಿನ್ನ ಅಣ್ಣ,
ಕಾಶಿರಾಮ


ತಾಂಡೂರು
೨೬ ಫೆಬ್ರವರಿ ೨೦೨೪

ಅಣ್ಣನಿಗೆ,

ಎಲ್ಲರ ಕ್ಷೇಮ ಕೇಳುವುದು ರೂಢಿ. ಕೇಳಿದ್ದೇನೆ ಎಂದುಕೋ.

ಕಾಗದ ಹರಿಯಲಿಲ್ಲ. ಆದರೆ ನಂಬರು ಕೇಳಬೇಡ. ಫೋನಿನಲ್ಲಿ ನಾನು ಜಗಳ ಆಡಿಬಿಡುತ್ತೇನೆ. ಕಾಗದವಾದರೆ ಬಿರುಸಾದ ಮಾತನ್ನು ಹೊಡೆದು ಹಾಕಿ ಮತ್ತೆ ಬರೆಯಬಹುದು. ಜ್ಞಾನೇಶ್ವರನನ್ನು ಲಗ್ನವಾಗುತ್ತೇನೆ ಎಂದಾಗ, ಬೇರೆ ಜಾತಿಯವನೆಂದು ಅವ್ವ ಬಾಗಿಲಲ್ಲಿ ನಿಂತು 'ನನ್ನ ಪಾಲಿಗಿ ನೀ ನೀರಾಗ ಹೋದಿ' ಎಂದಳಲ್ಲ, ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನೀನು ಪಕ್ಕದಲ್ಲೇ ನಿಂತಿದ್ದೆ.

ಇನ್ನು ನಿನ್ನ ಪೈಪಿನ ವಿಚಾರ. ಫೋಟೋ ನೋಡಿ ಏನೂ ಹೇಳಲಾಗದು. ಹಾವಂತೂ ಅಲ್ಲ, ಹಾವುಮೀನಿನ ಜಾತಿ. ಅದರಲ್ಲೂ ಬೇರೆ ಬೇರೆ ಇವೆ, ಹಾಗಾಗಿ ಸರಿಯಾಗಿ ನೋಡಿ ಬರೆ. ಬೆನ್ನ ಮೇಲೆ ಸಣ್ಣ ಮುಳ್ಳುಗಳಿವೆಯೇ? ತಲೆಯ ಹಿಂದೆ ಎರಡೂ ಕಡೆ ಕಿವಿಯ ಹಾಗೆ ಪುಟ್ಟ ರೆಕ್ಕೆಗಳಿವೆಯೇ? ಬೆನ್ನಿನ ರೆಕ್ಕೆ ಎಲ್ಲಿಂದ ಶುರುವಾಗುತ್ತದೆ? ಮೈಮೇಲೆ ಮಚ್ಚೆಗಳಿವೆಯೇ, ಒಂದೇ ಬಣ್ಣವೇ? ಹೊಟ್ಟೆ ಹಳದಿಯೋ ಬಿಳಿಯೋ? ಕಣ್ಣು ಎಷ್ಟು ದೊಡ್ಡವು? ಏನಾದರೂ ತಿನ್ನುತ್ತಿದೆಯೇ?

ಉತ್ತರ ಬರುವವರೆಗೆ ಕೊಯ್ಯಬೇಡ. ಅದರ ರಕ್ತ ಕಣ್ಣಿಗೆ ಸಿಡಿದರೆ ಉರಿ ತಡೆಯಲಾಗದು. ತೊಟ್ಟಿಯ ಮೇಲೆ ಹಲಗೆ ಮುಚ್ಚು, ಇಲ್ಲವಾದರೆ ಎದ್ದು ಹೋಗುತ್ತದೆ. ಒದ್ದೆ ನೆಲದ ಮೇಲೆ ಅದು ತೆವಳಿಕೊಂಡೇ ಹೋಗಬಲ್ಲದು.

ಮಾಯಾ


ಹೊಸ ಊರು
೬ ಮಾರ್ಚ್ ೨೦೨೪

ಮಾಯಾ,

ನಿನ್ನ ಕಾಗದವನ್ನು ಮೀನಾ ಎರಡು ಸಲ ಓದಿಸಿಕೊಂಡಳು. 'ಕ್ಷೇಮ ಕೇಳಿದ್ದೇನೆ ಎಂದುಕೋ' ಎಂಬಲ್ಲಿ ಅತ್ತು ನಕ್ಕಳು.

ಮೇಡಂಗೆ ಉತ್ತರಗಳು. ಕೈಯಾಡಿಸಿ ನೋಡಿದೆ, ಬೆನ್ನಿಗೆ ಮುಳ್ಳಿಲ್ಲ. ಕಿವಿಯಂಥ ರೆಕ್ಕೆಗಳಿವೆ. ಬಲಗಡೆಯದು ಪೂರ್ತಿ, ಎಡಗಡೆಯದು ಅರ್ಧವೇ. ಯಾವ ಕಾಲದ್ದೋ ಗಾಯ, ಮಾಗಿದೆ. ಬೆನ್ನಿನ ರೆಕ್ಕೆ ಬಹಳ ಮುಂದಿನಿಂದಲೇ ಶುರುವಾಗಿ ಬಾಲ ಸುತ್ತಿ ಹೊಟ್ಟೆಯವರೆಗೆ ಒಂದೇ ಸಮ ಬಂದಿದೆ. ಮೈಯೆಲ್ಲ ಕಪ್ಪು ಮಚ್ಚೆ, ಹೊಟ್ಟೆ ಬೆಳ್ಳಗೆ ಬೆಳ್ಳಿ. ಕಣ್ಣು ಆ ತಲೆಗೆ ತೀರ ದೊಡ್ಡವು. ಎರೆಹುಳ, ಕೋಳಿ ಕರುಳು, ಸಣ್ಣ ಮೀನು ಎಲ್ಲ ಹಾಕಿದೆ. ಮೂಸಿಯೂ ನೋಡಲಿಲ್ಲ. ತಿನ್ನದಿದ್ದ ಮೇಲೆ ಗಾಳದ ಹುಳಕ್ಕೆ ಯಾಕೆ ಬಾಯಿ ಹಾಕಿತು ಎಂದು ಪಾಂಡಪ್ಪ ಕೇಳುತ್ತಾನೆ. ನನಗೇನು ಗೊತ್ತು? ತೊಟ್ಟಿಯಲ್ಲಿ ಹೇಗೆ ತಿರುಗಿಸಿ ಬಿಟ್ಟರೂ ಮತ್ತೆ ಕಟ್ಟೆಯ ದಿಕ್ಕಿಗೇ ಮುಖ ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅವ್ವ ಝರಾಸಂಗಂನಿಂದ ಬಂದಳು. ಆಟೋ ಇಳಿದವಳು ಕಾಲು ತೊಳೆಯಲಿಲ್ಲ, ಅಂಗಳದಲ್ಲೇ ನಿಂತಳು.

'ಕಾಶ್ಯಾ, ಎಮ್ಮಿ ಯಾಕ ತೊಟ್ಟಿಗಿ ಹೋಗವಲ್ಲವು?'

'ಏನಿಲ್ಲವ್ವ, ಒಂದು ಮೀನು ಹಿಡದು ಬಿಟ್ಟೀನಿ.'

'ಎಡಗಡಿ ಕಿವಿ ಅರ್ಧ ಹರದದ, ಹೌದಲ್ಲ?'

ಹಲಗೆ ಇನ್ನೂ ಮುಚ್ಚಿಯೇ ಇತ್ತು ಮಾಯಾ. ದೇವರಾಣೆ, ನಾವ್ಯಾರೂ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಹಳೇ ಮನೆಯ ಹಿತ್ತಲ ಬಾವಿಯಲ್ಲಿ ಇಂಥದೇ ಒಂದು ದೊಡ್ಡ ಬಾಮ್ ಇತ್ತಂತೆ. ಅವ್ವನ ಅತ್ತೆ ಸೊಸೆಯಾಗಿ ಬಂದಾಗಲೂ ಅದು ಇತ್ತಂತೆ. ಲಗ್ನವಾಗಿ ಬಂದ ಸೊಸೆಯನ್ನು ಮೊದಲು ಬಾವಿಗೆ ತೋರಿಸುವುದು ನಮ್ಮ ಮನೆಯ ಪದ್ಧತಿ. ಸೊಸೆ ಮೆಟ್ಟಿಲಿಳಿದು ಜೋಳದ ಹಿಟ್ಟಿನ ಉಂಡೆ ಹಿಡಿದು ನೀರಿನಲ್ಲಿ ಕೈಯಿಡಬೇಕು. ಅದು ಬಂದು ಕೈಯಿಂದ ತಿಂದರೆ ಬಾವಿ ಅವಳನ್ನು ಹಿಡಿದುಕೊಂಡಂತೆ, ಹಿಂದಿನವಳಿಗೆ ಬಿಡುಗಡೆ. ಅವ್ವನ ಕೈಯಿಂದ ತಿಂದ ವರ್ಷವೇ ಅವಳ ಅತ್ತೆ ತೀರಿಕೊಂಡಳು. ಅದರ ಕಿವಿ ಹರಿದದ್ದು ಅವ್ವ ಬಾವಿಗಿಳಿಸಿದ ಕೊಡದ ಅಂಚು ಬಡಿದು. ಊರು ಮುಳುಗಿದಾಗ ಬಾವಿಯೂ ಹೋಯಿತು. ಆಮೇಲೆ ಸೊಸೆಯಾಗಿ ಬಂದ ಮೀನಾಳನ್ನು ಯಾರೂ ಅದಕ್ಕೆ ತೋರಿಸಲಿಲ್ಲ.

'ನನ್ನ ಇನ್ನೂ ಬಿಟ್ಟಿಲ್ಲ ಅದು. ಅದಕ್ಕ ಬಂದದ' ಎನ್ನುತ್ತಾಳೆ ಅವ್ವ. ಒಂದು ಹಾವುಮೀನು ಅಷ್ಟು ವರ್ಷ ಬದುಕುತ್ತದೆಯೇ? ಇಲ್ಲ ಎಂದು ಬರೆದುಬಿಡು, ನೆಮ್ಮದಿಯಾಗುತ್ತದೆ.

ಕಾಶಿರಾಮ


ತಾಂಡೂರು
೧೫ ಮಾರ್ಚ್ ೨೦೨೪

ಅಣ್ಣಾ,

ಇಲ್ಲ ಎಂದು ಬರೆಯಲು ನನಗೂ ಆಸೆ. ಆದರೆ ಬದುಕುತ್ತದೆ.

ಮುಳ್ಳಿಲ್ಲ ಎಂದರೆ ನಾವು ತಿನ್ನುವ ಬಾಮ್ ಅಲ್ಲ. ಕಿವಿರೆಕ್ಕೆ ಇದೆ ಎಂದರೆ ಕೆಸರಿನ ಹಾವುಮೀನೂ ಅಲ್ಲ. ಮಚ್ಚೆ ಇದ್ದು, ಬೆನ್ನಿನ ರೆಕ್ಕೆ ಮುಂದಿನಿಂದ ಶುರುವಾಗಿದ್ದರೆ ಉಳಿಯುವುದು ಒಂದೇ. ಪುಸ್ತಕದಲ್ಲಿ ಅಂಗ್ವಿಲ್ಲಾ ಬೆಂಗಾಲೆನ್ಸಿಸ್, ಮಚ್ಚೆಯ ಹಾವುಮೀನು. ಅದು ನಮ್ಮ ನೀರಿನದಲ್ಲ, ಹುಟ್ಟುವುದು ಸಮುದ್ರದಲ್ಲಿ. ದಾರದಷ್ಟು ಸಣ್ಣ ಮರಿಯಾಗಿ ಗೋದಾವರಿ ಹತ್ತಿ, ಮಂಜೀರಾ ಹತ್ತಿ, ಇಷ್ಟು ದೂರ ಬರುತ್ತದೆ. ಸಿಂಗೂರಿನ ಕೆಳಗೆ ನಿಜಾಮಸಾಗರದ ಕಟ್ಟೆ ಇದೆ. ಆ ಗೋಡೆಯನ್ನು ಇದು ಮರಿಯಾಗಿದ್ದಾಗ ಹತ್ತಿ ಬಂದಿರಬೇಕು. ಇಲ್ಲವೆಂದರೆ ತೊಂಬತ್ತು ವರ್ಷದ ಹಿಂದೆ ಆ ಕಟ್ಟೆ ಕಟ್ಟುವುದಕ್ಕೂ ಮೊದಲೇ ಬಂದಿರಬೇಕು. ನಾನು ಮೊದಲನೆಯದನ್ನೇ ನಂಬುತ್ತೇನೆ. ನೀನೂ ಅದನ್ನೇ ನಂಬು.

ಬಾವಿಯಲ್ಲಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ದಾರಿ ಸಿಕ್ಕಿತೆಂದು ತಿಳಿದಾಗ ಅದರ ಮೈ ಬದಲಾಗುತ್ತದೆ. ಕಣ್ಣು ದೊಡ್ಡವಾಗುತ್ತವೆ, ಹೊಟ್ಟೆ ಬೆಳ್ಳಿಯಾಗುತ್ತದೆ, ಒಳಗೆ ಕರುಳು ಸಣ್ಣಗಾಗಿ ಊಟ ನಿಲ್ಲುತ್ತದೆ. ನೀರು ಇಳಿದು ಹೋಗುವ ದಿಕ್ಕಿಗೇ ಮುಖವಿಟ್ಟು ಹೊಳೆಗೆ ನೆರೆ ಬರುವುದನ್ನು ಕಾಯುತ್ತದೆ. ಸಮುದ್ರಕ್ಕೆ ಹೋಗಿ ಮೊಟ್ಟೆಯಿಟ್ಟು ಸಾಯುತ್ತದೆ. ನೀನು ಬರೆದ ಗುರುತುಗಳೆಲ್ಲ ಅವೇ. ಗಾಳದ ಹುಳಕ್ಕೆ ಯಾಕೆ ಬಾಯಿ ಹಾಕಿತೋ ನನಗೂ ತಿಳಿಯದು. ಇನ್ನು ಮುಂದೆ ಅದು ಯಾರು ಏನು ಕೊಟ್ಟರೂ ತಿನ್ನುವುದಿಲ್ಲ.

ಇದನ್ನು ಅವ್ವನಿಗೆ ತಿಳಿಸಿ ಹೇಳು. ಅವಳ ಬಾವಿಯದೇ ಎನ್ನುವುದಕ್ಕೆ ಅರ್ಧ ಕಿವಿ ಸಾಕ್ಷಿಯಾಗದು. ಹೊಳೆಯಲ್ಲಿ ಯಾವ ಮೀನಿಗೂ ಗಾಯವಾಗುತ್ತದೆ. ಅದನ್ನು ನೀರಿಗೆ ಬಿಟ್ಟುಬಿಡು.

ಮಾಯಾ

ತಾ. ಕ.: ಅವ್ವನ ಮಂಡಿನೋವು ಹೇಗಿದೆ?


ಹೊಸ ಊರು
೨೯ ಮಾರ್ಚ್ ೨೦೨೪

ಮಾಯಾ,

ನಗೆಚಾಟಿಕೆಗೆ ಈ ಸಲ ಮನಸ್ಸಿಲ್ಲ.

ನಿನ್ನ ಕಾಗದ ಬರುವ ಮೊದಲೇ ಅವ್ವ ಮೀನಾಳಿಗೆ ತಲೆಸ್ನಾನ ಮಾಡಿಸಿ, ಲಗ್ನದ ಹಸಿರು ಸೀರೆ ಉಡಿಸಿ, ತೊಟ್ಟಿಯ ಮುಂದೆ ಕೂರಿಸಿದಳು. ಮೀನಾ ಅತ್ತೆಯ ಮಾತು ಮೀರದೆ ಹಿಟ್ಟಿನ ಉಂಡೆ ಹಿಡಿದು ನೀರಿನಲ್ಲಿ ಕೈಯಿಟ್ಟಳು. ಅದು ಅಲ್ಲಾಡಲಿಲ್ಲ. ಉಂಡೆ ಅವಳ ಬೆರಳಲ್ಲೇ ಕರಗಿ ನೀರು ಬೆಳ್ಳಗಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

'ಅದು ಉಂಬೋತನ ನಾನೂ ಉಣ್ಣಂಗಿಲ್ಲ' ಎಂದಳು ಅವ್ವ. ಮುದುಕಿಯ ಹಟ, ಹಸಿವಾದರೆ ತಾನೇ ಉಣ್ಣುತ್ತಾಳೆ ಎಂದುಕೊಂಡೆ. ಮೊದಲು ರೊಟ್ಟಿ ಬಿಟ್ಟಳು. ಆಮೇಲೆ ಗಂಜಿ ಬಿಟ್ಟಳು. ಈಗ ಚಹಾ ಒಂದೇ, ಅದೂ ನಾನು ಕೈಮುಗಿದರೆ. ಜಹೀರಾಬಾದಿಗೆ ಕರೆದೊಯ್ದೆ. ಡಾಕ್ಟರು ಸಲೈನ್ ಹಾಕಿ, 'ರೋಗ ಏನಿಲ್ರಿ, ಉಣ್ಣಾಕ ಹೇಳ್ರಿ' ಎಂದು ಕಳಿಸಿದರು.

ಮಲಗುವ ಹೊರಸನ್ನು ತೊಟ್ಟಿಯ ಪಕ್ಕಕ್ಕೆ ಹಾಕಿಸಿಕೊಂಡಿದ್ದಾಳೆ. ಅದು ಯಾವ ಕಡೆ ಮುಖ ಮಾಡಿದೆಯೋ ಇವಳೂ ಅದೇ ಕಡೆ. ನಾನು ಎತ್ತಿ ಈಚೆ ಮಗ್ಗಲಿಗೆ ಮಲಗಿಸುತ್ತೇನೆ. ಮೀನಾ ಸೆಗಣಿ ಬಳಿದು ಬರುವಷ್ಟರಲ್ಲಿ ಮತ್ತೆ ಆಚೆ ತಿರುಗಿರುತ್ತಾಳೆ. ಮುಖ ಇಳಿದು ಕಣ್ಣೆರಡೇ ದೊಡ್ಡವಾಗಿ ಕಾಣುತ್ತವೆ. ನಿನ್ನ ಕಾಗದದಲ್ಲಿದ್ದ ಗುರುತುಗಳನ್ನು ಓದುತ್ತಾ ಓದುತ್ತಾ ನನಗೆ ಅವ್ವನ ಮುಖವೇ ಕಂಡಂತಾಗಿ ಕಾಗದ ಮಡಚಿಟ್ಟೆ.

ಕದ್ದು ನೀರಿಗೆ ಬಿಟ್ಟುಬಿಡೋಣ ಎಂದರೆ, 'ಅದು ಹೋದ್ರ ನಾನೂ ಅದರ ಹಿಂದೇ' ಎನ್ನುತ್ತಾಳೆ. ಅದು ಯಾರ ಕೈಯಿಂದಲೂ ತಿನ್ನುವುದಿಲ್ಲವಂತೆ, ಮಾಯಾ ಬರೆದಿದ್ದಾಳೆ ಎಂದು ಹೇಳಿದೆ. ಅವಳು ಈಚೆ ಹೊರಳಿ ನನ್ನ ಮುಖ ನೋಡಿದಳು.

'ಮಾಯಾ ಅಂದಾಳ? ಹಂಗಾದ್ರ ಬಂದು ಹೇಳಲಿ.'

ಆರು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಇದೇ ಮೊದಲು. ನನಗೆ ಹೆದರಿಕೆಯಾಗುತ್ತಿದೆ ಮಾಯಾ. ಅವ್ವ ಉಳಿಯುವುದಿಲ್ಲ. ಬಾ.

ಕಾಶಿರಾಮ


ತಾಂಡೂರು
೪ ಏಪ್ರಿಲ್ ೨೦೨೪

ಅಣ್ಣಾ,

ಯುಗಾದಿ ರಜೆಗೆ ಬರುತ್ತಿದ್ದೇನೆ. ಜಹೀರಾಬಾದಿನವರೆಗೆ ಜ್ಞಾನೇಶ್ವರ ಬಿಡುತ್ತಾನೆ. ಮನೆಗೆ ಬರುವುದಿಲ್ಲ, ಒತ್ತಾಯ ಮಾಡಬೇಡ.

ನಾನು ಅವ್ವನ ಕಾಲು ಹಿಡಿಯಲು ಬರುತ್ತಿಲ್ಲ. ಅದು ತಿನ್ನುವುದಿಲ್ಲ ಎಂದು ಅವಳ ಕಣ್ಣಿಗೇ ತೋರಿಸುತ್ತೇನೆ. ತೋರಿಸಿದರೆ ಹಟ ಬಿಡುತ್ತಾಳೆ. ಅಲ್ಲಿಯವರೆಗೆ ಮಜ್ಜಿಗೆಗೆ ಸಕ್ಕರೆ, ಉಪ್ಪು ಹಾಕಿ ಚಮಚದಲ್ಲಾದರೂ ಕುಡಿಸು.

ಮಾಯಾ


ಹೊಸ ಊರು
೨೦ ಏಪ್ರಿಲ್ ೨೦೨೪

ನನ್ನ ಮುದ್ದು ತಂಗಿ ಮಾಯಾಗೆ,

ಅವ್ವ ಇವತ್ತು ಎರಡು ರೊಟ್ಟಿ, ಪುಂಡಿಪಲ್ಯ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆಯೆಂದು ಮೀನಾಳನ್ನು ಬೈದಳು. ಮೀನಾ ಖುಷಿಯಿಂದ ಓಣಿಗೆಲ್ಲ ಹೇಳಿಕೊಂಡು ಬಂದಳು.

ನೀನು ಬಸ್ಸು ಹತ್ತುವವರೆಗೂ ಬಾಯಿ ಬಿಡಲಿಲ್ಲ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಇದ್ದೆ. ಈಗ ಬರೆಯುತ್ತೇನೆ, ಯಾಕೆಂದರೆ ನಾನು ಕಂಡದ್ದು ಖರೆಯೋ ಅಲ್ಲವೋ ನೀನೇ ಹೇಳಬೇಕು. ನೀನೇ ಹಿಟ್ಟು ಕಲಸಿದೆ. ತೋಳೇರಿಸಿ, 'ನೋಡವ್ವ, ಯಾರ ಕೈಯಾಗಿಂದೂ ತಿನ್ನಂಗಿಲ್ಲ ಇದು. ಸರಿಯಾಗಿ ನೋಡು' ಎಂದು ತೊಟ್ಟಿಯಲ್ಲಿ ಕೈ ಅದ್ದಿದೆ. ಅದು ತಿರುಗಿತು. ಅಷ್ಟು ದಿನ ಗೋಡೆಗೆ ಮುಖ ಹಚ್ಚಿ ಬಿದ್ದಿದ್ದದ್ದು ತಿರುಗಿ, ಅವಸರವಿಲ್ಲದೆ ಬಂದು, ನಿನ್ನ ಕೈಯಿಂದ ಉಂಡೆ ತೆಗೆದುಕೊಂಡಿತು. ಉಂಡೆ ಮುಗಿದ ಮೇಲೂ ಬೆರಳು ಬಿಡಲಿಲ್ಲ. ನೀನೂ ಎಳೆದುಕೊಳ್ಳಲಿಲ್ಲ. ಯಾಕೆ ಎಳೆದುಕೊಳ್ಳಲಿಲ್ಲ?

ಅವ್ವ ಹೊರಸಿನಿಂದ ಎದ್ದು ಬಂದದ್ದನ್ನು ನೀನು ನೋಡಿದೆಯೋ ಇಲ್ಲವೋ. 'ಬಿಡಸ್ರೋ! ಅಕಿ ಮನಿ ಮಗಳು, ಸೊಸಿ ಅಲ್ಲ!' ಎಂದು ಕೂಗಿದಳು. ನಾನು ನಿನ್ನ ರಟ್ಟೆ ಹಿಡಿದು ಜಗ್ಗಿದೆ. ಆಮೇಲೆ ಅವ್ವ ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೆತ್ತಗೆ, 'ಹಸಿವಾಗ್ಯಾದ' ಎಂದಳು.

ನೀನು ಹೋದ ಮರುದಿನ ಅವ್ವನೇ ಹೇಳಿದಳು, ಬಿಟ್ಟು ಬಾ ಎಂದು. ಪಾಂಡಪ್ಪನೂ ನಾನೂ ಹಳೇ ಮನೆಯ ಜಾಗದಲ್ಲೇ ನೀರಿಗೆ ಬಿಟ್ಟೆವು. ಒಂದು ಸುತ್ತು ಹಾಕಿ ಕಟ್ಟೆಯ ಕಡೆ ಹೋಯಿತು. ಎಮ್ಮೆಗಳು ಈಗ ತೊಟ್ಟಿಯಲ್ಲಿ ನೀರು ಕುಡಿಯುತ್ತಿವೆ.

ಅವ್ವ ಒಂದು ಮಾತು ಬರೆಯಿಸಿದ್ದಾಳೆ. 'ನೀರಾಗ ಹೋದಿ ಅಂದಿದ್ದೆ. ಆ ಮಾತು ವಾಪಸ್ ತಗೊಂಡೀನಿ. ಅಳಿಯನ್ನ ಕರಕೊಂಡು ಬಾ. ಹೊತ್ತಿಗಿ ಸರಿಯಾಗಿ ಉಣ್ಣು.' ಕೇಳಿದೆಯಾ? ಅಳಿಯ ಅಂದಳು! ನಿನ್ನ ಕಾಲ್ಗುಣದಿಂದ ಅವ್ವ ಉಳಿದಳು ಮಾಯಾ. ನಿನ್ನ ಋಣ ನಾನು ಹೇಗೆ ತೀರಿಸಲಿ?

ನಿನ್ನ ಅಣ್ಣ,
ಕಾಶಿರಾಮ


ಹೊಸ ಊರು
೨೩ ಜೂನ್ ೨೦೨೪

ಮಾಯಾ,

ನನ್ನ ಹಿಂದಿನ ಕಾಗದಗಳಿಗೆ ಉತ್ತರವಿಲ್ಲ. ಕಾಲೇಜು ಶುರುವಾಯಿತೆಂದು ಮರೆತೆಯಾ? ಜ್ಞಾನೇಶ್ವರನನ್ನು ಕರೆದುಕೊಂಡು ಬರುತ್ತೀಯೆಂದು ಮೀನಾ ಹೊಸ ಚಾಪೆ ಕೂಡ ತಂದಿಟ್ಟಿದ್ದಾಳೆ.

ಇಲ್ಲಿ ಮಳೆ ಹಿಡಿದಿದೆ, ಹೆಸರು ಬಿತ್ತಿದೆವು. ಅವ್ವ ಮೈ ಕೈ ತುಂಬಿಕೊಂಡಿದ್ದಾಳೆ, ನಿನಗೆ ಗುರುತೇ ಸಿಗುವುದಿಲ್ಲ. ಒಂದೇ ಹೊಸ ಚಾಳಿ. ತಾಟಿನ ಮುಂದೆ ಕೂತ ಕೂಡಲೇ 'ಮಾಯಾ ಉಂಡಳಂತ?' ಎಂದು ಕೇಳುತ್ತಾಳೆ. ಉಂಡಳು ಎಂದು ನಾವು ಹೇಳಿದ ಮೇಲೇ ತುತ್ತೆತ್ತುತ್ತಾಳೆ. ನಿನ್ನೆ ಮೀನಾ ಮರೆತು, 'ಏನೋ ಗೊತ್ತಿಲ್ಲತ್ತಿ' ಎಂದುಬಿಟ್ಟಳು. ಅವ್ವ ತಾಟು ದೂಡಿ ಎದ್ದುಹೋದಳು. ಮಗಳ ಮೇಲಿನ ಮಾಯೆ, ಆರು ವರ್ಷದ್ದು ಒಮ್ಮೆಗೇ ಉಕ್ಕಿದೆ.

ಪಾಂಡಪ್ಪ ಸಿಂಗೂರಿಗೆ ಹೋಗಿದ್ದನಂತೆ. ಕಟ್ಟೆಯ ಗೋಡೆಯ ಬುಡದಲ್ಲಿ, ಗೇಟಿನ ಹತ್ತಿರ, ದೊಡ್ಡ ಬಾಮ್ ಒಂದು ಅಲ್ಲೇ ನಿಂತಿರುತ್ತದೆಂದು ಮೀನುಗಾರರು ಹೇಳಿದರಂತೆ. ಬಲೆ ಹಾಕಲು ಯಾರಿಗೂ ಕೈ ಬರುತ್ತಿಲ್ಲವಂತೆ. ನಮ್ಮದೇ ಇರಬೇಕು. ಇನ್ನೂ ಹೋಗದೆ ಏನು ಕಾಯುತ್ತಿದೆಯೋ.

ಎರಡು ಸಾಲಾದರೂ ಬರೆ.

ಕಾಶಿರಾಮ


ತಾಂಡೂರು
೧೪ ಜುಲೈ ೨೦೨೪

ಅಣ್ಣಾ,

ಬರೆಯಲು ತಡವಾಯಿತು. ಪೆನ್ನು ಹಿಡಿಯುವ ಬೆರಳನ್ನೇ ಅದು ಕಚ್ಚಿ ಹಿಡಿದದ್ದು. ಗಾಯ ದೊಡ್ಡದಲ್ಲ, ಸಾಲಾಗಿ ಸಣ್ಣ ಸಣ್ಣ ಹಲ್ಲಿನ ಗುರುತು. ಆದರೆ ಒಣಗುತ್ತಿಲ್ಲ. ಒರೆಸಿದರೂ ಆ ಜಾಗ ಒದ್ದೆಯಾಗಿಯೇ ಇರುತ್ತದೆ. ಕಾಗದದ ಮೇಲೆ ಕಲೆ ಕಂಡರೆ ಕಣ್ಣೀರು ಎಂದುಕೊಳ್ಳಬೇಡ.

ನೀನು ಕಂಡದ್ದು ಖರೆ. ಪುಸ್ತಕದ ಪ್ರಕಾರ ಅದು ತಿನ್ನಬಾರದಿತ್ತು. ಕೈ ಯಾಕೆ ಎಳೆದುಕೊಳ್ಳಲಿಲ್ಲ ಎಂದು ಕೇಳಿದ್ದೀಯ. ನೋವಾಗುತ್ತಿರಲಿಲ್ಲ ಅಣ್ಣಾ. ಯಾರೋ ಬಹಳ ದಿನದಿಂದ ಕಾಯುತ್ತಿದ್ದವರು ಕೈ ಹಿಡಿದ ಹಾಗಿತ್ತು. ಅದನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ.

ಊಟ ಸೇರುತ್ತಿಲ್ಲ. ಮೊದಲು ರೊಟ್ಟಿ ಸೇರಲಿಲ್ಲ, ಆಮೇಲೆ ಅನ್ನ. ಇಲ್ಲಿಯ ಡಾಕ್ಟರೂ ರೋಗವಿಲ್ಲ ಎಂದರು. ಜ್ಞಾನೇಶ್ವರ ಪಾಪ, ಕಲ್ಲಿನ ಕೆಲಸದಿಂದ ಮಧ್ಯಾಹ್ನ ಮನೆಗೆ ಬಂದು ಕಲಸಿದ ಅನ್ನ ಹಿಡಿದು ಕೂರುತ್ತಾನೆ. 'ನಿನ್ನ ಕಣ್ಣು ಯಾಕ ಇಷ್ಟು ದೊಡ್ಡು ಕಾಣಸ್ತಾವ?' ಎಂದು ಕೇಳಿದ. ಮುಖ ಇಳಿದಿದೆಯಲ್ಲ, ಅದಕ್ಕೆ ಎಂದೆ. ಅವನು ಮಂಚವನ್ನು ಗೋಡೆಗೆ ಹಚ್ಚಿ ಹಾಕುತ್ತಾನೆ. ಬೆಳಗ್ಗೆ ಎದ್ದರೆ ಅದು ಈಶಾನ್ಯಕ್ಕೆ ತಿರುಗಿರುತ್ತದೆ. ಕಾಲೇಜಿನ ಗೋಡೆಯ ಭೂಪಟದಲ್ಲಿ ತಾಂಡೂರಿನಿಂದ ಸಿಂಗೂರಿಗೆ ಒಂದು ಗೆರೆ ಎಳೆದು ನೋಡಿದೆ. ನೋಡಬಾರದಿತ್ತು.

ಹೆದರಿಕೆಯಾಗಬೇಕಿತ್ತು, ಆಗುತ್ತಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗ ಮಳೆ ಬಂದರೆ ಮಾತು ನಿಂತುಹೋಗುತ್ತದೆ. ಮೋರಿಯಲ್ಲಿ ನೀರು ಯಾವ ಕಡೆ ಹರಿಯುತ್ತಿದೆ ಎಂದು ಕಿಟಕಿಯಿಂದ ನೋಡುತ್ತಾ ನಿಲ್ಲುತ್ತೇನೆ. ಹುಡುಗಿಯರು 'ಮೇಡಂ, ಮೇಡಂ' ಎಂದು ಕರೆದು ಎಬ್ಬಿಸಬೇಕು. ಮನೆಯ ಸೊಸೆಯರನ್ನು ಬಾವಿ ಮನೆಯಲ್ಲೇ ಹಿಡಿದಿಡುತ್ತಿತ್ತು. ಈಗ ಬಾವಿಯೂ ಇಲ್ಲ, ಬಾಮ್ ಕೂಡ ಹೊರಟು ನಿಂತಿದೆ. ತಾನು ಹಿಡಿದವರನ್ನು ಅದು ಎಲ್ಲಿ ಬಿಟ್ಟುಹೋಗಬೇಕು ಹೇಳು.

ಅವ್ವ ಯಾಕೆ ಕೇಳುತ್ತಾಳೆಂದು ನಿನಗೆ ಗೊತ್ತಾಗಿಲ್ಲ. ಗೊತ್ತಾಗದಿರುವುದೇ ಒಳ್ಳೆಯದು. ಅವಳು ತಾಟಿನ ಮುಂದೆ ಕೂತಾಗ ಉಂಡಳು ಎಂದೇ ಹೇಳು, ಮೀನಾಳಿಗೂ ಹೇಳಿಡು. ಅವಳ ಆ 'ನೀರಾಗ ಹೋದಿ' ಎಂಬ ಮಾತನ್ನು ನಾನೂ ಮನಸ್ಸಿನಿಂದ ತೆಗೆದುಹಾಕಿದ್ದೇನೆ ಎಂದು ತಿಳಿಸು. ಅವಳ ಮೇಲೆ ನನಗೆ ಸಿಟ್ಟಿಲ್ಲ, ತುಂಬಾ ಪ್ರೀತಿಯಿದೆ. ಜ್ಞಾನೇಶ್ವರ ಒಬ್ಬನೇ ಬಂದರೂ ಆ ಚಾಪೆಯ ಮೇಲೆ ಕೂರಿಸಿ ಊಟಕ್ಕೆ ಹಾಕಿ.

ನನಗೊಂದು ಉಪಕಾರ ಮಾಡು. ಪಾಂಡಪ್ಪನ ಕೈಲಿ ವಿಚಾರಿಸಿ ಬೇಗ ಬರೆ. ಈ ವರ್ಷ ಗೇಟು ಯಾವಾಗ ಎತ್ತುತ್ತಾರೆ?

ನಿನ್ನ ತಂಗಿ,
ಮಾಯಾ